ಪರಿಹಾರದ ಅರ್ಜಿಗೊಂದು ಮಾಸ್ಕಿಲ್ಲದ ಫೋಟೊ

ಆ ವರ್ಷ ನಾನು ಕೆಮ್ಮುವುದನ್ನು ನಿಲ್ಲಿಸಿದೆ. ನನ್ನ ಕೆಮ್ಮನ್ನಲ್ಲ, ಬೇರೆಯವರದನ್ನು.

ಯಾರಿಗೆ ಫೋನ್ ಮಾಡಿದರೂ ಮೊದಲು ಒಬ್ಬ ಖೊಕ್ ಖೊಕ್ ಎಂದು ಕೆಮ್ಮಿ, ಆಮೇಲೆ ಒಬ್ಬಾಕೆ ಕೈ ತೊಳೆಯಿರಿ ಎಂದು ಬುದ್ಧಿ ಹೇಳುತ್ತಿದ್ದ ಕಾಲ ನೆನಪಿರಬೇಕು. ಮೊದಲನೇ ಲಾಕ್‌ಡೌನಿನಲ್ಲಿ ಅದು ನನ್ನ ಹಿಟ್ ಐಟಂ. ಮದುವೆ, ನಾಮಕರಣ, ಎಸ್ಟೇಟಿನ ಬೋನಸ್ ದಿನ ಎಂದು ಮೈಕ್ ಹಿಡಿದು ಊರವರ ದನಿ ತೆಗೆದು ನಗಿಸುವುದು ನನ್ನ ಕೆಲಸ. ಕೆಲಸ ಎಂದು ನಾನು ಕರೆಯುತ್ತಿದ್ದೆ. ಅಮ್ಮ ಬೇರೆ ಹೆಸರಿಟ್ಟಿದ್ದಳು. ಎಸ್ಟೇಟಿನ ರೈಟರ್ ಕೂಲಿಗಳ ಲೈನ್‌ಮನೆಗಳ ಮುಂದೆ ನಿಂತು ಹಾಜರಿ ಕರೆಯುವ ರಾಗ, ಮೀನಿನ ಗಾಡಿ ಕಾಕನ ಅರ್ಧ ಮಲಯಾಳ ಅರ್ಧ ಕನ್ನಡದ ಕೂಗು, ಪಂಚಾಯ್ತಿ ಮೈಕಿನ ಗೊರಗೊರ, ಎಲ್ಲವೂ ಬರುತ್ತಿತ್ತು. ಕಾಲರ್ ಟ್ಯೂನಿನ ಕೆಮ್ಮಂತೂ ಎಷ್ಟು ಚೆನ್ನಾಗಿ ಬರುತ್ತಿತ್ತೆಂದರೆ, ಕೇಳಿದವರು ನಗುವ ಮೊದಲು ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು.

ಎರಡನೇ ವರ್ಷ ಅವರು ಎರಡು ಹೆಜ್ಜೆ ಸರಿದರು, ನಗಲಿಲ್ಲ. ಲೈನಿನಿಂದ ಇಬ್ಬರನ್ನು ಆಂಬುಲೆನ್ಸಿನಲ್ಲಿ ಕರೆದೊಯ್ದಿದ್ದರು; ಒಬ್ಬರು ಮಾತ್ರ ನಡೆದು ಬಂದಿದ್ದರು. ಆಮೇಲೆ ನಾನು ಕೆಮ್ಮಲಿಲ್ಲ.

ಕೆಮ್ಮದಿರಲು ಇನ್ನೊಂದು ಕಾರಣ ನಮ್ಮ ಮನೆಯಲ್ಲೇ ಇತ್ತು: ಅಪ್ಪ. ಕೊಡಗಿನ ತಿತಿಮತಿಯ ಈಚೆ, ಕಾಡು ಮುಗಿದು ತೋಟ ಶುರುವಾಗುವ ಕಡೆ ಒಂದು ಜಂಕ್ಷನ್ ಇದೆ. ಅಲ್ಲಿ ಅಪ್ಪನದು ಒಂದೇ ಕುರ್ಚಿಯ ಕಟಿಂಗ್ ಶಾಪ್, ಅದರ ಬೆನ್ನಿಗೇ ನಮ್ಮ ಮನೆ. ತಾತ ಹಾಸನದ ಕಡೆಯಿಂದ ಬಂದು ಹಾಕಿದ ಅಂಗಡಿ ಅದು. ಅಪ್ಪನಿಗೆ ಹದಿನೈದು ವರ್ಷದಿಂದ ಉಬ್ಬಸ. ಮಳೆ ಹಿಡಿದರೆ ಎದೆಯಲ್ಲಿ ಬೆಕ್ಕಿನ ಮರಿ ಕೂತಂತೆ ಸದ್ದು. ಗೋಣಿಕೊಪ್ಪದ ಡಾಕ್ಟರು ಅಪ್ಪನ ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು, ಅಪ್ಪನಿಗಲ್ಲ, ನನಗೆ ಹೇಳಿದ್ದರು: "ನೋಡಪ್ಪ, ಈ ಕಾಯಿಲೆ ಇವರಿಗೆ ತಗಲಬಾರದು. ಅಷ್ಟೇ ನಾನು ಹೇಳೋದು."

ತಗಲಿದರೆ ಏನು ಎಂದು ನಾನು ಕೇಳಲಿಲ್ಲ. ಎಲ್ಲದಕ್ಕೂ ಬಾಯಿ ಹಾಕುವವನು ಅಂದು ಸುಮ್ಮನೆ ಬೈಕ್ ಹತ್ತಿದೆ.

ಅಲ್ಲಿಂದ ಅಪ್ಪನನ್ನು ನಾವು ಕಾವಿಗೆ ಕೂರಿಸಿದ ಕೋಳಿಯಂತೆ ಇಟ್ಟುಕೊಂಡೆವು. ಹಾಲು ತಂದವನನ್ನು ಗೇಟಿನಾಚೆ ನಿಲ್ಲಿಸುವುದು, ನಾನು ಸಾಮಾನು ತಂದರೆ ಹಿತ್ತಲಿನಲ್ಲೇ ಸ್ನಾನ. ಅಂಗಡಿಯನ್ನಂತೂ ಸರ್ಕಾರವೇ ಮುಚ್ಚಿಸಿತ್ತು. ವಾರದಲ್ಲಿ ಕೆಲವು ದಿನ ಬೆಳಿಗ್ಗೆ ದಿನಸಿ ಅಂಗಡಿ ತೆಗೆಯಬಹುದಿತ್ತು, ನಮ್ಮದನ್ನಲ್ಲ. ಅಪ್ಪ ದಿನಾ ಬೆಳಿಗ್ಗೆ ನಡುವಿನ ಬಾಗಿಲು ತೆಗೆದು ಒಳಗೆ ಹೋಗಿ, ಕನ್ನಡಿ ಒರೆಸಿ, ಕತ್ತರಿಗೆ ಎಣ್ಣೆ ಬಿಟ್ಟು, ಗಾಳಿಯಲ್ಲೇ ನಾಲ್ಕು ಸಲ ಕಚಕಚ ಅನ್ನಿಸಿ ವಾಪಸ್ಸು ಬರುತ್ತಿದ್ದರು.

ಅಷ್ಟರಲ್ಲಿ ಸರ್ಕಾರ ಪರಿಹಾರ ಘೋಷಿಸಿತು. ಪಟ್ಟಿಯಲ್ಲಿ ಕ್ಷೌರಿಕರಿದ್ದರು, ಅಗಸರಿದ್ದರು, ದರ್ಜಿಗಳಿದ್ದರು, ಮೆಕ್ಯಾನಿಕ್‌ಗಳಿದ್ದರು. ಮಿಮಿಕ್ರಿಯವನು ಇರಲಿಲ್ಲ. ನಾನು ಎರಡು ಸಲ ಓದಿ ನೋಡಿದೆ.

"ನಿನ್ನ ನೋಡಿ ನಗೋದಕ್ಕೆ ಜನ ಪರಿಹಾರ ಕೇಳ್ಬೇಕು," ಎಂದಳು ಅಮ್ಮ.

ಅರ್ಜಿಯನ್ನು ಫೋನಿನಲ್ಲೇ ತುಂಬಿದೆ. ಆಧಾರ್ ಆಯಿತು, ಬ್ಯಾಂಕ್ ಪಾಸ್‌ಬುಕ್ ಆಯಿತು. ಕೊನೆಗೆ ಒಂದು ಪತ್ರ ಬೇಕಿತ್ತು: ಈ ವ್ಯಕ್ತಿ ಇದೇ ವೃತ್ತಿ ಮಾಡುತ್ತಾನೆ ಎಂದು ಅಧಿಕಾರಿಯೊಬ್ಬರು ಸಹಿ ಹಾಕಿದ ಪತ್ರ. ಸಹಿ ಹಾಕಬೇಕಾದವರು ಹೊಸದಾಗಿ ಬಂದವರು. ಬಯಲು ಸೀಮೆಯವರು, ಒಳ್ಳೆಯವರೇ. ಕಿಟಕಿಯ ಆಚೆ ಕೂತು ನನ್ನ ಕಾಗದಗಳನ್ನು ಪೆನ್ನಿನ ತುದಿಯಿಂದ ತಿರುಗಿಸಿದರು, ಬೆರಳಿಂದ ಮುಟ್ಟಲಿಲ್ಲ.

"ಲೈಸೆನ್ಸ್ ನಿಮ್ಮ ತಾತನ ಹೆಸರಲ್ಲೈತಲ್ರಿ? ಅದೂ ಯಾವ ಕಾಲದ್ದು!"

"ತಾತ ತೀರಿಹೋದ್ರು ಸರ್. ಕುರ್ಚಿ ಅಪ್ಪಂಗೆ ಬಂತು."

"ಕುರ್ಚಿ ಬಂದ್ರೆ ಲೈಸೆನ್ಸ್ ಬರಲ್ಲಪ್ಪ. ನಾಳೆ ಯಾರೋ ಬಂದು ನಾನೂ ಕ್ಷೌರದವನು ಅಂದ್ರೆ ನಾನೇನ್ ಮಾಡ್ಲಿ? ಇವರು ಕೆಲಸ ಮಾಡ್ತಿರೋದೊಂದು ಫೋಟೊ ಇದ್ರೆ ತಗೊಂಡ್ಬಾ. ಹಳೇದಿದ್ರೂ ಪರವಾಗಿಲ್ಲ. ಸಹಿ ಹಾಕ್ತೀನಿ."

ಮನೆಗೆ ಬಂದು ಟ್ರಂಕು, ಆಲ್ಬಂ, ಫೋನು ಎಲ್ಲ ಜಾಲಾಡಿದೆವು. ಈ ಸುತ್ತಿನ ಯಾವ ಮದುವೆ ಆಲ್ಬಂ ತೆಗೆದರೂ ಅಪ್ಪ ಕತ್ತರಿಸಿದ ತಲೆಗಳಿವೆ. ಕತ್ತರಿಸುತ್ತಿರುವ ಅಪ್ಪ ಒಂದರಲ್ಲೂ ಇಲ್ಲ. ನನ್ನ ಫೋನಿನಲ್ಲಿ ಅಂಗಡಿಯ ವಿಡಿಯೋಗಳು ಇದ್ದವು, ಬೇಕಾದಷ್ಟು. ಎಲ್ಲದರಲ್ಲೂ ಕುರ್ಚಿಯಲ್ಲಿ ಕೂತು ಬಾಯಿ ತಿರುಗಿಸುತ್ತಿರುವವನು ನಾನೇ. ಒಂದರಲ್ಲಿ ಮಾತ್ರ ಮೂಲೆಯಲ್ಲಿ ಅಪ್ಪನ ಮೊಣಕೈ ಕಾಣುತ್ತಿತ್ತು.

"ಮೊಣಕೈಗೆ ಪರಿಹಾರ ಕೊಡ್ತಾರಾ ಕೇಳು," ಎಂದರು ಅಪ್ಪ. ಅಪ್ಪ ತಮಾಷೆ ಮಾಡುವುದು ಅಪರೂಪ. ಮನೆಯಲ್ಲಿ ಡಬ್ಬಿಗಳ ತಳ ಕಾಣುತ್ತಿದ್ದ ಸಮಯ ಅದು.

ಫೋಟೊ ಇಲ್ಲದಿದ್ದರೆ ತೆಗೆದರಾಯಿತು ಎಂದವನು ನಾನು. ಇದನ್ನು ನಾನೇ ಬರೆದಿಡಬೇಕು, ಇನ್ನೊಬ್ಬರು ಬರೆಯುವ ಮೊದಲು. ಉಪಾಯ ನನ್ನದು. ಅಂಗಡಿಯ ಷಟರ್ ಅರ್ಧ ಎತ್ತುವುದು, ಒಬ್ಬರನ್ನು ಕೂರಿಸುವುದು, ಅಪ್ಪ ಕತ್ತರಿ ಹಿಡಿದು ನಿಲ್ಲುವುದು, ನಾನು ಕ್ಲಿಕ್ ಮಾಡುವುದು. ಎರಡೇ ನಿಮಿಷ. ಕೂರಲು ನಾನೇ ಸಾಕಿತ್ತು. ಆದರೆ ಹಿಂದಿನ ವಾರ ಬೇಸರ ಕಳೆಯಲು ಟ್ರಿಮ್ಮರ್ ಹಿಡಿದು ನನ್ನ ತಲೆಯನ್ನು ನಾನೇ ಕೆತ್ತಿಕೊಂಡಿದ್ದೆ. ಮೆಟ್ಟಿಲು ಮೆಟ್ಟಿಲಾಗಿ ಬಂದ ಮೇಲೆ ಪೂರ್ತಿ ಬೋಳಿಸಿದ್ದೆ. ಆ ತಲೆಯನ್ನು ಕ್ಷೌರಿಕನ ಮುಂದೆ ಕೂರಿಸಿ ಫೋಟೊ ಹೊಡೆದರೆ ಅಧಿಕಾರಿ ಸಹಿ ಬದಲು ಸಂತಾಪ ಸೂಚಿಸುತ್ತಿದ್ದರು.

ಆಗ ನೆನಪಾದವರು ಸುಬೇದಾರರು. ರಸ್ತೆಯ ಆಚೆ ಬದಿಯ ತೋಟದವರು, ಕೊಡವರು, ಮಿಲಿಟರಿಯಿಂದ ನಿವೃತ್ತರಾಗಿ ಬಂದು ಇಪ್ಪತ್ತು ವರ್ಷ. ಈ ಇಪ್ಪತ್ತು ವರ್ಷವೂ ಪ್ರತಿ ಎರಡನೇ ಶುಕ್ರವಾರ ಅಪ್ಪನ ಕುರ್ಚಿ ಅವರದು. ಕಿವಿಯ ಮೇಲೆ ಕೂದಲು ಬಿದ್ದರೆ ಅವರಿಗೆ ಶತ್ರು ಗಡಿ ದಾಟಿದ ಹಾಗೆ. ನನ್ನ ಕೆಮ್ಮಿನ ಐಟಂಗೆ ಅತಿ ದೊಡ್ಡ ಅಭಿಮಾನಿಯೂ ಅವರೇ. ಕೇಳಿದ್ದೇ ತಡ.

"ಎಂತ ಮಾರಾಯ, ಇಷ್ಟು ದಿನ ಯಾಕೆ ಕರೀಲಿಲ್ಲ? ನನ್ನ ನೋಡು. ತೋಟಕ್ಕೆ ಇಳಿದ್ರೆ ಕರಡಿ ಅಂತ ಯಾರಾದ್ರೂ ಕೋವಿ ಎತ್ತುತ್ತಾರೆ."

"ಬರೀ ಫೋಟೊ ಸರ್. ಕಟಿಂಗ್ ಇಲ್ಲ."

"ಆಯ್ತು, ಆಯ್ತು. ನೋಡುವ."

ಶುಕ್ರವಾರ ಬೆಳಿಗ್ಗೆ ಬಂದರು. ನಾನು ಷಟರ್ ಸೊಂಟದವರೆಗೆ ಎತ್ತಿದೆ. ಇಬ್ಬರ ಮುಖದಲ್ಲೂ ಮಾಸ್ಕ್ ಇತ್ತು. ನಾನು ಫೋನಿನಲ್ಲಿ ನೋಡಿದೆ. ಮಾಸ್ಕ್ ಕಂಡರೆ ಫೋಟೊ ಇವತ್ತಿನದು ಎಂದು ಯಾರಿಗೂ ಗೊತ್ತಾಗುತ್ತದೆ. ಅಂಗಡಿ ಮುಚ್ಚಿರಬೇಕಾದ ದಿನದಲ್ಲಿ ತೆರೆದದ್ದಕ್ಕೆ ನಾವೇ ಸಾಕ್ಷಿ ಕೊಟ್ಟ ಹಾಗೆ.

"ಮಾಸ್ಕ್ ತೆಗೀರಿ," ಎಂದೆ. "ಹಳೇ ಫೋಟೊ ತರ ಕಾಣ್ಬೇಕು."

ಅಪ್ಪ ನನ್ನ ಮುಖ ನೋಡಿದರು. ಮಗ ಓದಿದವನು, ಹೇಳಿದ ಮೇಲೆ ಸರಿಯಿರಬೇಕು ಎಂಬ ನೋಟ ಅದು. ಆ ನೋಟವನ್ನು ಇವತ್ತಿಗೂ ನನಗೆ ಕೆಳಗಿಡಲು ಆಗಿಲ್ಲ. ಅಪ್ಪ ಮಾಸ್ಕ್ ತೆಗೆದು ಕನ್ನಡಿಯ ಮೂಲೆಯ ಮೊಳೆಗೆ ಸಿಕ್ಕಿಸಿದರು. ಸುಬೇದಾರರು ಮಡಿಸಿ ಜೇಬಿಗಿಟ್ಟುಕೊಂಡರು.

ಅಪ್ಪ ಬಿಳಿ ಬಟ್ಟೆ ಕೊಡವಿ ಹೊದಿಸಿದರು, ಕುತ್ತಿಗೆಗೆ ಕಟ್ಟಿದರು, ನೀರು ಚಿಮುಕಿಸಿದರು, ಬಾಚಣಿಗೆ ಎಳೆದರು. ನಾನು ಕ್ಲಿಕ್ ಕ್ಲಿಕ್ ಎಂದು ಆರು ಫೋಟೊ ಹೊಡೆದೆ.

"ಸಾಕಪ್ಪ. ಬಂತು."

ಕತ್ತರಿ ನಿಲ್ಲಲಿಲ್ಲ.

"ಅಪ್ಪಾ, ಸಾಕು. ಫೋಟೊ ಬಂತು ಅಂದ್ನಲ್ಲ!"

"ಬಟ್ಟೆ ಹೊದ್ಸಿ ನೀರು ಹಾಕಿದ್ ತಲೇನ ಹಂಗೇ ಎಬ್ಬಿಸ್ತಾರೇನ್ಲಾ?" ಎಂದರು ಅಪ್ಪ, ನನ್ನ ಕಡೆ ತಿರುಗದೆ. "ನಿಮ್ಮ ತಾತ ಒಂದಿನಾ ಹಂಗೆ ಮಾಡ್ಲಿಲ್ಲ. ಸಾವಿನ ಮನೆಯಿಂದ ಕರೆ ಬಂದಾಗ್ಲೂ ಮುಗಿಸೇ ಹೋಗಿದ್ದು."

ನಮ್ಮವರ ಕಸುಬಿನಲ್ಲಿ ಅದೊಂದು ಕಟ್ಟುಪಾಡು. ಅರ್ಧ ತಲೆ ಎಬ್ಬಿಸಿದರೆ ಕೂತವನಿಗೂ ಒಳ್ಳೆಯದಲ್ಲ, ಕತ್ತರಿಗೂ ಅಲ್ಲ. ಫೋಟೊಗೆಂದು ಸುಮ್ಮನೆ ಕತ್ತರಿ ಹಿಡಿದು ನಿಲ್ಲುವುದು ಅಪ್ಪನಿಗೆ ಬರುವುದಿಲ್ಲ ಎಂಬುದು ಇಪ್ಪತ್ತೆರಡು ವರ್ಷ ಅದೇ ಮನೆಯಲ್ಲಿದ್ದ ನನಗೆ ಹೊಳೆದಿರಲಿಲ್ಲ. ನಾನು ಸುಳ್ಳುಸುಳ್ಳೇ ಯಾರಾದರೂ ಆಗಬಲ್ಲೆ. ಅಪ್ಪ ಸುಳ್ಳುಸುಳ್ಳೇ ಕ್ಷೌರಿಕನೂ ಆಗಲಾರರು.

ಮುಕ್ಕಾಲು ಗಂಟೆ ಹಿಡಿಯಿತು. ಕಿವಿಯ ಹಿಂದೆ ಕತ್ತಿಯಿಂದ ಗೆರೆ ಎಳೆದರು. ಕೊನೆಗೆ ಮೀಸೆ. ಮೀಸೆ ತಿದ್ದುವಾಗ ಅಪ್ಪನ ಮುಖಕ್ಕೂ ಸುಬೇದಾರರ ಮುಖಕ್ಕೂ ಗೇಣು ಜಾಗವಿರಲಿಲ್ಲ. ಸುಬೇದಾರರು ಆ ಗೇಣಿನಲ್ಲೇ ಸಿಯಾಚಿನ್ನಿನ ಕಥೆ ಹೇಳುತ್ತಿದ್ದರು. ನಾನು ಬಾಗಿಲಲ್ಲಿ ನಿಂತು ಅವರ ದನಿಯಲ್ಲೇ ಅವರಿಗಿಂತ ಮೊದಲು ಕಥೆಯ ಮುಂದಿನ ಸಾಲು ಹೇಳಿ ನಗಿಸುತ್ತಿದ್ದೆ. ಅವರು ಬಾಯಿ ತೆರೆದು ನಗುತ್ತಿದ್ದರು. ಅಪ್ಪನ ಮುಖ ಅಷ್ಟು ತಿಳಿಯಾಗಿದ್ದದ್ದು ತಿಂಗಳಲ್ಲಿ ಅದೇ ಮೊದಲು.

ಅಧಿಕಾರಿ ಫೋಟೊ ನೋಡಿ, "ಹಾಂ, ಹಿಂಗಿರ್ಬೇಕು ನೋಡು," ಎಂದು ಸಹಿ ಹಾಕಿದರು. ಪತ್ರ ಅಪ್‌ಲೋಡ್ ಮಾಡಿದೆ, ಅರ್ಜಿ ಸಲ್ಲಿಕೆಯಾಯಿತು. ಸಂಭ್ರಮದ ಸುದ್ದಿ ಹೇಳಲು ಸೋಮವಾರ ಸುಬೇದಾರರಿಗೆ ಫೋನ್ ಮಾಡಿದೆ. ಅವರು ಹಲೋ ಅನ್ನಲಿಲ್ಲ. ಖೊಕ್ ಖೊಕ್ ಎಂದರು.

ನನ್ನ ಐಟಂ ನನಗೇ ಮಾಡಿ ತೋರಿಸುತ್ತಿದ್ದಾರೆ ಎಂದುಕೊಂಡು ನಾನು ಜೋರಾಗಿ ನಕ್ಕೆ.

"ಸೂಪರ್ ಸರ್! ನನಗಿಂತ ಚೆನ್ನಾಗಿ ಬರ್ತದೆ ನಿಮಗೆ!"

ಕೆಮ್ಮು ನಿಲ್ಲಲಿಲ್ಲ. ನನ್ನ ನಗು ನಿಂತಿತು. ಆಮೇಲೆ ಅವರ ಹೆಂಡತಿ ಫೋನ್ ತೆಗೆದುಕೊಂಡು, "ನಿನ್ನೆಯಿಂದ ಜ್ವರ ಮಗಾ. ಟೆಸ್ಟ್‌ಗೆ ಹೇಳಿದ್ದೇವೆ," ಎಂದರು.

ನಾನು ಫೋನ್ ಇಟ್ಟು ಅಡುಗೆಮನೆಗೆ ಹೋದೆ. ಅಪ್ಪ ಕಟ್ಟೆಯ ಮೇಲೆ ಕೂತು ಚಕೋತದ ಸಿಪ್ಪೆ ಬಿಡಿಸುತ್ತಿದ್ದರು. ಅಪ್ಪನ ಎದೆ ಏರುವುದನ್ನೂ ಇಳಿಯುವುದನ್ನೂ ನೋಡುತ್ತ ನಿಂತೆ. ಏರಿತು. ಇಳಿಯಿತು.

"ಏನ್ಲಾ, ದೆವ್ವ ಕಂಡೋನಂಗೆ?"

ಹೇಳಿದೆ. ಅಮ್ಮ ಕೈಯಲ್ಲಿದ್ದ ಸೌಟು ಇಟ್ಟಳು. ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಮರುದಿನ ಸುಬೇದಾರರನ್ನು ಮಡಿಕೇರಿಗೆ ಕರೆದೊಯ್ದರು. ನಾವು ಕಿಟಕಿಯಿಂದ ನೋಡಿದೆವು. ಅವರ ಮನೆಯವರೊಡನೆ ಫೋನಿನಲ್ಲಿ ಮಾತಾಡಿದಾಗ ಗೊತ್ತಾದದ್ದು ಇಷ್ಟು: ಯಾರು ಯಾರು ಹತ್ತಿರ ಬಂದಿದ್ದರು ಎಂದು ಆರೋಗ್ಯ ಇಲಾಖೆಯವರು ಕೇಳಿದ್ದಕ್ಕೆ ಸುಬೇದಾರರು "ಯಾರೂ ಇಲ್ಲ" ಎಂದಿದ್ದರು. ನಮ್ಮ ಮೇಲೆ ಕೇಸಾಗದಿರಲಿ, ಅರ್ಜಿ ಕೆಡದಿರಲಿ ಎಂದು ಆ ಮನುಷ್ಯ ಅಷ್ಟು ಜ್ವರದಲ್ಲಿ ಸುಳ್ಳು ಹೇಳಿದ್ದರು.

"ನಾವು ಹೇಳಾಣ," ಎಂದೆ. "ನಿನಗೆ ಟೆಸ್ಟ್ ಆಗ್ಬೇಕು."

"ಹೇಳಿದ್ರೆ ಅಂಗ್ಡಿಗೆ ಸೀಲು," ಎಂದರು ಅಪ್ಪ. "ಅರ್ಜಿನೂ ಹೋಯ್ತದೆ. ನಂಗೇನಾಗಿದೆ ಈಗ? ಎರಡ್ ದಿನ ನೋಡಾಣ."

"ಅರ್ಜಿ ಒಲೆಗೆ ಬೀಳ್ಲಿ!" ಎಂದಳು ಅಮ್ಮ.

ಆ ಎರಡು ದಿನ ನಾನು ಅಪ್ಪನ ಉಸಿರಿನ ಕಾವಲುಗಾರ. ಅಪ್ಪ ಸೀನಿದರೆ ಓಡಿಹೋಗಿ ಮುಖ ನೋಡುತ್ತಿದ್ದೆ. ಬಾತ್‌ರೂಮಿಗೆ ಹೋದರೆ ಬಾಗಿಲಿಗೆ ಕಿವಿ. ಊಟ ಮಾಡುವಾಗ, "ಹುಳಿ ಗೊತ್ತಾಗ್ತಿದೆಯಾ? ಖಾರ ಗೊತ್ತಾಗ್ತಿದೆಯಾ?" ಎಂದು ಪೀಡಿಸುತ್ತಿದ್ದೆ; ಕೊನೆಗೆ ಅಪ್ಪ, "ನಿನ್ನ ಅಮ್ಮನ ಸಾರಲ್ಲಿ ಯಾವತ್ತು ಗೊತ್ತಾಗಿತ್ತು," ಎಂದು ಎದ್ದುಹೋದರು. ಅಮ್ಮನಿಗೆ ಕೋಪ ಬರಲಿಲ್ಲ. ಅದನ್ನು ಕಂಡು ನನಗೆ ಇನ್ನೂ ಹೆದರಿಕೆಯಾಯಿತು.

ಮೂರನೇ ದಿನ ಬೆಳಿಗ್ಗೆ ನಾನು ಹೇಳಿಬಿಡುವುದೆಂದು ಚಪ್ಪಲಿ ಮೆಟ್ಟುವಷ್ಟರಲ್ಲಿ ಆಶಾ ಅಕ್ಕನೇ ಗೇಟಿನಲ್ಲಿ ನಿಂತಿದ್ದರು. ಆಶಾ ಅವರ ಹೆಸರಲ್ಲ, ಕೆಲಸ. ನಮ್ಮ ಊರಿನ ಆರೋಗ್ಯ ಕಾರ್ಯಕರ್ತೆ, ಆ ದಿನಗಳಲ್ಲಿ ಮನೆಮನೆ ತಿರುಗಿ ಚಪ್ಪಲಿ ಸವೆಸಿದವರು. ಮುಖದ ಮೇಲೆ ಪ್ಲಾಸ್ಟಿಕ್ ಹಾಳೆ, ಕೈಯಲ್ಲಿ ಪುಸ್ತಕ.

"ಸುಬೇದಾರರ ಸ್ಯಾಂಪಲ್ ತೆಗೆಯುವಾಗ ಪಕ್ಕದಲ್ಲಿ ನಿಂತಿದ್ದೆ," ಎಂದರು. "ಮೂರು ದಿನದಿಂದ ಅದೇ ತಲೇಲಿ ಓಡ್ತಾ ಉಂಟು. ಮನೆಯಿಂದ ಹೊರಗೇ ಹೋಗಿಲ್ಲ, ಯಾರೂ ಬಂದಿಲ್ಲ ಅಂತಾರೆ. ಮತ್ತೆ ಕಿವಿ ಹಿಂದೆ ಆ ಗೆರೆ ಎಲ್ಲಿಂದ ಬಂತು? ಈ ಜಂಕ್ಷನಲ್ಲಿ ಆ ಗೆರೆ ಎಳೆಯೋದು ಒಬ್ಬರೇ."

ನಾನು ಬಾಯಿ ತೆರೆದೆ. ಹೆದರಿದಾಗ ನನಗೊಂದು ಚಟ, ಬೇರೆಯವರ ದನಿ ಹೊರಬರುತ್ತದೆ. ಅವತ್ತು ಬಂದದ್ದು ಆ ಅಧಿಕಾರಿಯ ದನಿ: "ಅದು ಹಳೇ ಕಟಿಂಗ್ ಇರ್ಬೇಕಲ್ರಿ."

"ಒಂದು ಕೊಟ್ರೆ ನೋಡು!" ಎಂದರು ಆಶಾ ಅಕ್ಕ. "ನಿನ್ನ ನಾಟಕ ಮದುವೆ ಮನೇಲಿ ಇಟ್ಕೊ. ಉಬ್ಬಸದ ಮನುಷ್ಯ ಮನೇಲಿ ಇರುವಾಗ... ಎಲ್ಲಿ ನಿನ್ನ ಅಪ್ಪ?"

ಆಗ ನನ್ನ ಸ್ವಂತ ದನಿ ಬಂತು. ತೆಳ್ಳಗೆ, ಒಡೆದು, ಯಾರದ್ದೋ ಎಂಬಂತೆ. ಎಲ್ಲ ಹೇಳಿದೆ. ಫೋಟೊ, ಮಾಸ್ಕ್, ಮುಕ್ಕಾಲು ಗಂಟೆ, ಮೀಸೆ. ಅವರು ಬರೆದುಕೊಂಡರು. ಮಾಸ್ಕ್ ಎಂದಾಗ ಪೆನ್ನು ನಿಂತಿತು, ತಲೆ ಎತ್ತಿ ನನ್ನನ್ನು ನೋಡಿದರು, ಮತ್ತೆ ಬರೆದರು. ಅಪ್ಪ ಹಿಂದಿನಿಂದ ಬಂದು ಬಾಗಿಲಲ್ಲಿ ನಿಂತು, "ಹುಡುಗಂದೇನಿಲ್ಲ ಕಣವ್ವ. ಕತ್ತರಿ ನಿಲ್ಲಿಸ್ದೆ ಇದ್ದೋನು ನಾನು," ಎಂದರು. ಅಷ್ಟು ಹೇಳುವುದರೊಳಗೆ ನಡುವೆ ಒಮ್ಮೆ ಉಸಿರು ಎಳೆದುಕೊಂಡರು. ಅದು ನನಗೂ ಕೇಳಿಸಿತು, ಆಶಾ ಅಕ್ಕನಿಗೂ ಕೇಳಿಸಿತು.

ಮೂವರಿಗೂ ಟೆಸ್ಟ್ ಆಯಿತು. ವರದಿ ಬರುವವರೆಗೆ ಬೇರೆ ಇರಬೇಕೆಂದು ಅಪ್ಪನನ್ನು ಅಂಗಡಿಯಲ್ಲೇ ಇರಿಸಿದೆವು. ಅಂಗಾತ ಮಲಗಿದರೆ ಉಬ್ಬಸ ಏರುತ್ತಿದ್ದುದರಿಂದ ಅಪ್ಪ ಕಟಿಂಗ್ ಕುರ್ಚಿಯನ್ನೇ ಹಿಂದಕ್ಕೆ ಬಾಗಿಸಿ ಅದರಲ್ಲಿ ಒರಗುತ್ತಿದ್ದರು. ಆ ಕುರ್ಚಿಯಲ್ಲಿ ಅಪ್ಪ ಕೂತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ನಾನು ರಸ್ತೆಯ ಕಡೆ, ಷಟರಿನ ಈಚೆ, ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದೆ. ರಕ್ತದ ಆಕ್ಸಿಜನ್ ಅಳೆಯಲು ಬೆರಳಿಗೆ ಕಚ್ಚಿಸುವ ಮೆಷಿನ್ನನ್ನು ಆಶಾ ಅಕ್ಕ ಕೊಟ್ಟುಹೋಗಿದ್ದರು. ಗಂಟೆಗೊಮ್ಮೆ ಅಪ್ಪ ಒಳಗಿನಿಂದ ನಂಬರ್ ಹೇಳಬೇಕು. ತೊಂಬತ್ತೇಳು. ತೊಂಬತ್ತಾರು. ತೊಂಬತ್ತಾರು.

"ಸುಳ್ಳು ಹೇಳ್ತಿಲ್ಲ ತಾನೆ?"

"ನಿನ್ನಂಗೆ ನನಗೆ ಬರಕಿಲ್ಲ."

ವರದಿ ಬಂತು. ನನಗೆ, ಅಮ್ಮನಿಗೆ ಇಲ್ಲ. ಅಪ್ಪನಿಗೆ ಇದೆ.

ಅವತ್ತು ಮಧ್ಯಾಹ್ನ ಅಪ್ಪ ಷಟರಿನ ಆಚೆಯಿಂದ, "ಯಾರ್ದಾದ್ರೂ ದನಿ ಮಾಡ್ಲಾ," ಎಂದರು. ಜನ್ಮದಲ್ಲಿ ಕೇಳಿದವರಲ್ಲ. ನಾನು ಏನಾದರೂ ಮಾಡಿದರೆ ಪೇಪರ್ ಎತ್ತಿ ಮುಖ ಮುಚ್ಚಿಕೊಳ್ಳುತ್ತಿದ್ದವರು. ನಾನು ರೈಟರ್ ಮಾಡಿದೆ, ಮೀನಿನ ಕಾಕನನ್ನು ಮಾಡಿದೆ. ಪಂಚಾಯ್ತಿ ಮೈಕ್ ಮಾಡಿ ನಮ್ಮ ಮನೆಯ ಮುಂದೆ ಕಸ ಹಾಕಿದವರಿಗೆ ದಂಡ ಎಂದು ಘೋಷಿಸಿದೆ. ಒಳಗಿನಿಂದ ನಗು ಬಂತು. ನಗು ಮುಗಿದ ಮೇಲೂ ಸದ್ದು ಮುಗಿಯಲಿಲ್ಲ. ಸಿಳ್ಳೆಯ ಹಾಗೆ, ಉದ್ದಕ್ಕೆ ಎಳೆಯುತ್ತಿತ್ತು.

"ಅಪ್ಪಾ, ನಂಬರ್?"

ಷಟರನ್ನು ಬಡಿದೆ.

"ಅಪ್ಪಾ!"

"ತೊಂಬತ್ತು," ಎಂದರು. ಸ್ವಲ್ಪ ಹೊತ್ತಿನ ಮೇಲೆ ತಿದ್ದಿದರು. "ಎಂಬತ್ತೊಂಬತ್ತು."

ಆಂಬುಲೆನ್ಸ್ ಬಂದಾಗ ಸಂಜೆ ನಾಲ್ಕು. ಅಪ್ಪನ ಮೂಗಿಗೆ ಪೈಪ್ ಹಾಕಿ ಒಳಗೆ ಕೂರಿಸಿದರು. ನನ್ನನ್ನು ಹತ್ತಿಸಿಕೊಳ್ಳಲಿಲ್ಲ. ನಾನು ಬೈಕಿನಲ್ಲಿ ಬೆನ್ನು ಹತ್ತಿದೆ. ಗೋಣಿಕೊಪ್ಪದ ಕಡೆಗೆ ಮೂರು ಕಿಲೋಮೀಟರ್ ಹೋಗಿರಬೇಕು. ತೋಟಗಳ ನಡುವಿನ ತಿರುವಿನಲ್ಲಿ ಆಂಬುಲೆನ್ಸ್ ನಿಂತಿತು. ಸೈರನ್ ನಿಂತಿತು. ಎಂಜಿನ್ನೂ ನಿಂತಿತು.

ರಸ್ತೆಯ ನಡುವೆ ಒಂಟಿ ಸಲಗ. ಲಾಕ್‌ಡೌನಿನಲ್ಲಿ ಗಾಡಿಗಳಿಲ್ಲದ ರಸ್ತೆಯನ್ನು ಆನೆಗಳು ತಮ್ಮದೆಂದುಕೊಂಡಿದ್ದವು. ತೋಟದ ಬೇಲಿ ಮುರಿದು ಎಳೆದ ಹಲಸಿನ ಕೊಂಬೆಯೊಂದನ್ನು ರಸ್ತೆಯಲ್ಲೇ ಹಾಕಿಕೊಂಡು, ಒಂದೊಂದೇ ಹಣ್ಣು ಕಾಲಿನಡಿ ಒಡೆದು ತಿನ್ನುತ್ತಿತ್ತು. ಹಾರ್ನ್ ಮಾಡುವಂತಿಲ್ಲ, ಮಾಡಿದರೆ ಮೇಲೆ ಬರುತ್ತದೆ. ಹಿಂದೆ ತಿರುಗಿಸಿ ಸುತ್ತು ಹೊಡೆದರೆ ಇನ್ನೊಂದು ಗಂಟೆ. ಡ್ರೈವರ್ ಕಿಟಕಿಯಿಂದ ಕೈ ಚಾಚಿ ನನಗೆ ಸುಮ್ಮನಿರು ಎಂದು ಸನ್ನೆ ಮಾಡಿದ. ನಾನು ಬೈಕಿನ ಎಂಜಿನ್ ಆರಿಸಿದೆ.

ಅಷ್ಟು ನಿಶ್ಶಬ್ದ. ಆನೆ ಹಲಸು ಜಗಿಯುವ ಸದ್ದು ಒಂದು ಕಡೆ, ಆಂಬುಲೆನ್ಸಿನ ತಗಡಿನ ಒಳಗೆ ಅಪ್ಪನ ಎದೆಯ ಸಿಳ್ಳೆ ಇನ್ನೊಂದು ಕಡೆ. ಅದು ಕೇಳುತ್ತಿತ್ತೋ, ನಾನು ಕೇಳಿಸಿಕೊಳ್ಳುತ್ತಿದ್ದೆನೋ. ಸಿಲಿಂಡರಿನಲ್ಲಿ ಎಷ್ಟು ಗಾಳಿಯಿದೆಯೆಂದು ಯಾರನ್ನೂ ಕೇಳುವಂತಿರಲಿಲ್ಲ. ನಾನು ದೇವರಿಗೆ ಹರಕೆ ಹೊತ್ತೆ, ಆನೆಗೂ ಹೊತ್ತೆ. ಇನ್ನು ಯಾರ ದನಿಯನ್ನೂ ತೆಗೆಯುವುದಿಲ್ಲ ಎಂದು ಕೂಡ ಹೇಳಿರಬೇಕು. ಆ ಹೊತ್ತಿಗೆ ಏನು ಕೇಳಿದ್ದರೂ ಕೊಡುತ್ತಿದ್ದೆ. ಸಲಗ ಕೊನೆಯ ಹಣ್ಣು ಮುಗಿಸಿ, ಸೊಂಡಿಲಿನಿಂದ ರಸ್ತೆಯನ್ನು ಒಮ್ಮೆ ತಡವಿ, ಇನ್ನೇನೂ ಉಳಿದಿಲ್ಲವೆಂದು ಖಾತ್ರಿ ಮಾಡಿಕೊಂಡು, ನಮ್ಮ ಕಡೆ ನೋಡದೆ ಕಾಫಿಗಿಡಗಳ ಒಳಗೆ ಇಳಿಯಿತು. ಎಷ್ಟು ಹೊತ್ತಾಗಿತ್ತೋ ನನಗೆ ಗೊತ್ತಿಲ್ಲ. ಹತ್ತು ನಿಮಿಷ ಎಂದ ಡ್ರೈವರ್ ಆಮೇಲೆ. ನಾನು ನಂಬಲಿಲ್ಲ.

ಮಡಿಕೇರಿ ಆಸ್ಪತ್ರೆಯ ಬಾಗಿಲಿನಿಂದ ಆಚೆ ನನಗೆ ಪ್ರವೇಶವಿರಲಿಲ್ಲ. ಅಪ್ಪನನ್ನು ಗಾಲಿ ಕುರ್ಚಿಯಲ್ಲಿ ತಳ್ಳಿಕೊಂಡು ಹೋದರು. ಅಪ್ಪ ಹಿಂದೆ ತಿರುಗಲಿಲ್ಲ, ಕೈ ಮಾತ್ರ ಸ್ವಲ್ಪ ಎತ್ತಿದರು.

ಆಮೇಲಿನ ದಿನಗಳಲ್ಲಿ ನಾನೂ ಅಮ್ಮನೂ ಮನೆಯಲ್ಲೇ ಬಂದಿ. ಗೇಟಿಗೆ ನೋಟೀಸ್ ಅಂಟಿಸಿದ್ದರು, ಅಂಗಡಿಗೆ ಸೀಲ್ ಬಿದ್ದಿತ್ತು. ಪೊಲೀಸರು ಫೋನಿನಲ್ಲಿ ಬೈದು ದಂಡ ಹಾಕಿದರು. ಆಸ್ಪತ್ರೆಯಿಂದ ದಿನಕ್ಕೊಮ್ಮೆ ಒಬ್ಬರು ಫೋನ್ ಮಾಡಿ "ಹಾಗೇ ಇದ್ದಾರೆ" ಎನ್ನುತ್ತಿದ್ದರು. ಹಾಗೇ ಎಂದರೆ ಹೇಗೆ ಎಂದು ಅಮ್ಮ ನನ್ನನ್ನು ಕೇಳುತ್ತಿದ್ದಳು. ಫೋನನ್ನು ಅಕ್ಕಿ ಡಬ್ಬದ ಮೇಲೆ ಇಟ್ಟು ನಾವಿಬ್ಬರೂ ಅದರ ಎದುರು ಕೂರುತ್ತಿದ್ದೆವು.

ನಾಲ್ಕನೇ ದಿನ ಊಟದ ಹೊತ್ತಿಗೆ ಅದು ಟಿಣ್ ಎಂದಿತು. ಅಮ್ಮನ ಕೈಯಿಂದ ತಟ್ಟೆ ಜಾರಿತು. ನಾನು ತೆಗೆದು ಓದಿದೆ. ನಿಮ್ಮ ಅರ್ಜಿಯನ್ನು ಅನುಮೋದಿಸಲಾಗಿದೆ, ಪರಿಹಾರಧನವನ್ನು ಖಾತೆಗೆ ಜಮಾ ಮಾಡಲಾಗುವುದು.

"ಏನಂತೆ? ಏನಂತೆ ಹೇಳೋ!"

"ಅರ್ಜಿ ಪಾಸಾಗಿದೆ ಅಮ್ಮ."

ಅಮ್ಮ ನೆಲದ ಮೇಲೆ ಚೆಲ್ಲಿದ ಅನ್ನವನ್ನು ನೋಡಿದಳು. "ಇದಕ್ಕಾ ಹಿಂಗ್ ಹೆದರಿಸಿದ್ದು," ಎಂದು ಅಳತೊಡಗಿದಳು.

ಒಂಬತ್ತನೇ ದಿನ ಬೆಳಿಗ್ಗೆ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ತೆಗೆದೆ. ಆ ಕಡೆ ಮೊದಲು ಉಸಿರಿನ ಸದ್ದು, ಆಮೇಲೆ ಒಂದು ಸಣ್ಣ ದನಿ.

"ನಾನು ಕಣ್ಲಾ. ಸಿಸ್ಟರ್ ಫೋನು. ಬೇಗ ಹೇಳ್ಬೇಕು."

ನಾನು ಕೈ ಬೀಸಿ ಅಮ್ಮನನ್ನು ಕರೆದೆ.

"ಇಲ್ಲಿ ಒಂದು ತಲೆನೂ ನೆಟ್ಟಗಿಲ್ಲ ಕಣ್ಲಾ," ಎಂದರು ಅಪ್ಪ. ನಡುನಡುವೆ ನಿಲ್ಲಿಸಿ, ಉಸಿರು ತೆಗೆದುಕೊಂಡು. "ಡಾಕ್ಟ್ರದೂ ಅಷ್ಟೇ. ಸುಬೇದಾರ್ರು ಮೂರನೇ ಮಂಚದಾಗವ್ರೆ. ನಿನ್ನೆ ಎದ್ದು ಕೂತ್ರು. ಮೀಸೆ ಒಂದ್ಕಡೆ ಜಾಸ್ತಿ ತೆಗ್ದಿದೀಯ ಅಂತ ಜಗಳಕ್ ಬಂದವ್ರೆ."

ಅಮ್ಮ ನನ್ನ ಕೈಯಿಂದ ಫೋನ್ ಕಿತ್ತುಕೊಂಡಳು. ತಲೆಯ ಸುದ್ದಿ, ಮೀಸೆಯ ಸುದ್ದಿ ಅವಳಿಗೆ ಬೇಕಿರಲಿಲ್ಲ. ಫೋನನ್ನು ಎರಡೂ ಕೈಯಲ್ಲಿ ಕಿವಿಗೆ ಒತ್ತಿ ಹಿಡಿದು ಕೇಳಿದಳು:

"ಉಸ್ರು? ಉಸ್ರು ಹೆಂಗೈತೆ?"

ನಾನು ಅಮ್ಮನ ಕೈಗೆ ಕೆನ್ನೆ ತಾಗಿಸಿ ನಿಂತು ಕೇಳಿಸಿಕೊಂಡೆ.

"ಐತೆ," ಎಂದರು ಅಪ್ಪ. "ಐತೆ ಕಣೆ."